ಸೇನಾನಿ ಕಾರ್ಯಪ್ಪ

ಪ್ರತಿ ವರ್ಷ ಜನವರಿಯಲ್ಲಿ ಸಂಕ್ರಮಣ ಬರುತ್ತದೆ. ಪೆದ್ದೆಮುಲ್, ತಾಂಡೂರು ಕಡೆಯ ಹೊಲಗಳಲ್ಲಿ ಆಗ ತೊಗರಿಯ ರಾಶಿ ನಡೆದಿರುತ್ತದೆ. ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಪರಿಮಳ. ಮಕ್ಕಳ ಕೈಯಲ್ಲಿ ಗಾಳಿಪಟದ ದಾರ. ಈ ಹಬ್ಬದ ದಿನಗಳಲ್ಲಿಯೇ ನಮ್ಮ ದೇಶದ ಇನ್ನೊಂದು ದೊಡ್ಡ ದಿನವೂ ಬರುತ್ತದೆ. ಅದು ಜನವರಿ 15. ಅಂದು ದೇಶವೆಲ್ಲ ಸೇನಾ ದಿನವನ್ನು ಆಚರಿಸುತ್ತದೆ.

ಮಕ್ಕಳೇ, ಸೇನಾ ದಿನಕ್ಕೆ ಇದೇ ದಿನ ಏಕೆ ಎಂದು ನಿಮಗೆ ಗೊತ್ತೆ? 1949ನೆಯ ಇಸವಿಯ ಇದೇ ದಿನ ಭಾರತದ ಸೇನೆಗೆ ಮೊದಲ ಸಲ ಒಬ್ಬ ಭಾರತೀಯರು ಮುಖ್ಯಸ್ಥರಾದರು. ಅಲ್ಲಿಯವರೆಗೆ ಆ ಹುದ್ದೆಯಲ್ಲಿ ಇಂಗ್ಲಿಷರೇ ಇದ್ದರು. ಆ ಮೊದಲ ಭಾರತೀಯ ಸೇನಾನಿ ಕನ್ನಡ ನಾಡಿನವರು. ಅವರ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಅವರು ಸೇನೆಯಿಂದ ನಿವೃತ್ತರಾದ ಮೇಲೆ ದೂರದ ದೇಶದಲ್ಲಿ ಭಾರತದ ರಾಯಭಾರಿಯಾಗಿಯೂ ಕೆಲಸ ಮಾಡಿದರು. ಅವರ ಬಾಳಿನ ಕಥೆಯನ್ನು ಈ ಪಾಠದಲ್ಲಿ ಓದೋಣ.

ಬಾಲ್ಯ

ಕರ್ನಾಟಕದ ದಕ್ಷಿಣದಲ್ಲಿ ಕೊಡಗು ಎಂಬ ಜಿಲ್ಲೆ ಇದೆ. ನಮ್ಮದು ಬಿಸಿಲಿನ ಬಯಲು ನಾಡು. ಕೊಡಗು ಮಳೆಯ ಬೆಟ್ಟದ ನಾಡು. ನಮ್ಮಲ್ಲಿ ತೊಗರಿ, ಜೋಳ ಬೆಳೆಯುವಂತೆ ಅಲ್ಲಿ ಕಾಫಿ, ಮೆಣಸು, ಏಲಕ್ಕಿ, ಭತ್ತ ಬೆಳೆಯುತ್ತಾರೆ. ಕಾವೇರಿ ನದಿ ಹುಟ್ಟುವುದು ಅಲ್ಲಿಯೇ. ಅಲ್ಲಿಯ ಶನಿವಾರಸಂತೆ ಎಂಬ ಊರಿನಲ್ಲಿ 1899ರ ಜನವರಿ 28ರಂದು ಕಾರ್ಯಪ್ಪನವರು ಹುಟ್ಟಿದರು. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಕೊಡಂದೇರ ಎಂಬುದು ಅವರ ಮನೆತನದ ಹೆಸರು. ಮನೆಯವರು ಬಾಲಕನನ್ನು ಪ್ರೀತಿಯಿಂದ ಚಿಮ್ಮ ಎಂದು ಕರೆಯುತ್ತಿದ್ದರು.

ಚಿಮ್ಮನ ಮನೆಮಾತು ಕೊಡವ ಭಾಷೆ. ಶಾಲೆಯ ಓದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ನಡೆಯಿತು. ಮುಂದೆ ಕಾಲೇಜಿಗೆಂದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಕಾರ್ಯಪ್ಪನವರಿಗೆ ಹಾಕಿ, ಟೆನಿಸ್, ಕ್ರಿಕೆಟ್ ಎಂದರೆ ಬಹಳ ಇಷ್ಟ.

ಮುಚ್ಚಿದ್ದ ಬಾಗಿಲು ತೆರೆಯಿತು

ಆಗ ನಮ್ಮ ದೇಶವನ್ನು ಇಂಗ್ಲಿಷರು ಆಳುತ್ತಿದ್ದರು. ಸೇನೆಯಲ್ಲಿ ಸಿಪಾಯಿಗಳೆಲ್ಲ ಹೆಚ್ಚಾಗಿ ಭಾರತೀಯರು. ಆದರೆ ದೊಡ್ಡ ಅಧಿಕಾರಿಗಳೆಲ್ಲ ಇಂಗ್ಲಿಷರು. ಭಾರತೀಯನು ಎಷ್ಟೇ ಶೂರನಾದರೂ ಜಮೇದಾರ್, ಸುಬೇದಾರ್ ಹುದ್ದೆಗಳವರೆಗೆ ಮಾತ್ರ ಏರಬಹುದಾಗಿತ್ತು. ಹೊಸದಾಗಿ ಬಂದ ಇಂಗ್ಲಿಷ್ ಯುವಕನೂ ಅನುಭವಿ ಸುಬೇದಾರನಿಗೆ ಆಜ್ಞೆ ಮಾಡುತ್ತಿದ್ದ.

1914ರಿಂದ 1918ರವರೆಗೆ ಮೊದಲ ಮಹಾಯುದ್ಧ ನಡೆಯಿತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋಗಿ ದುಡಿದರು. ಯುದ್ಧಭೂಮಿಯಲ್ಲಿ ರಕ್ತ ಸುರಿಸುವವರಿಗೆ ಅಧಿಕಾರಿಗಳಾಗುವ ಯೋಗ್ಯತೆ ಇಲ್ಲವೆ ಎಂದು ನಮ್ಮ ನಾಯಕರು ಕೇಳಿದರು. ಸರ್ಕಾರವು ಕೊನೆಗೆ ಕೆಲವು ಭಾರತೀಯ ಯುವಕರಿಗೆ ಅಧಿಕಾರಿ ಹುದ್ದೆ ಕೊಡಲು ಒಪ್ಪಿತು. ಅವರ ತರಬೇತಿಗಾಗಿ ಇಂದೋರಿನ ಡೇಲಿ ಕಾಲೇಜಿನಲ್ಲಿ ಒಂದು ಶಾಲೆ ತೆರೆಯಿತು.

ಕಾರ್ಯಪ್ಪನವರು ಅರ್ಜಿ ಹಾಕಿದರು. ಆಯ್ಕೆಯೂ ಆದರು. ತರಬೇತಿ ಕಠಿಣವಾಗಿತ್ತು. ಬೆಳಗಿನ ಕವಾಯತು, ಕುದುರೆ ಸವಾರಿ, ಬಂದೂಕಿನ ಅಭ್ಯಾಸ, ನಕ್ಷೆ ಓದುವುದು, ಎಲ್ಲವನ್ನೂ ಕಲಿಯಬೇಕಾಗಿತ್ತು. 1919ರ ಡಿಸೆಂಬರ್ 1ರಂದು ಅವರು ತರಬೇತಿ ಮುಗಿಸಿ ಅಧಿಕಾರಿಯಾಗಿ ಹೊರಬಂದರು. ಅವರು ಸೇರಿದ ಮೊದಲ ದಳ 88ನೆಯ ಕರ್ನಾಟಿಕ್ ಪದಾತಿ ದಳ.

ಅಧಿಕಾರಿಯಾದರೂ ಭಾರತೀಯರಿಗೆ ಸಮಾನ ಗೌರವ ಸಿಗಲಿಲ್ಲ. ಅನೇಕ ಊರುಗಳಲ್ಲಿ ಅಧಿಕಾರಿಗಳ ಕ್ಲಬ್ಬುಗಳು ಭಾರತೀಯರನ್ನು ಒಳಗೆ ಬಿಡುತ್ತಿರಲಿಲ್ಲ. ಭಾರತೀಯ ಅಧಿಕಾರಿಗಳನ್ನು ಆಯ್ದ ಕೆಲವು ದಳಗಳಿಗೆ ಮಾತ್ರ ಹಾಕುವ ಯೋಜನೆಯೂ ಬಂತು. ಇಂಗ್ಲಿಷ್ ಅಧಿಕಾರಿಯು ಭಾರತೀಯನ ಕೈಕೆಳಗೆ ಕೆಲಸ ಮಾಡುವಂತಾಗಬಾರದು ಎಂಬುದೇ ಅದರ ಉದ್ದೇಶ. ಒಂದೇ ಸೇನೆ, ಒಂದೇ ಸಮವಸ್ತ್ರ. ಆದರೆ ಅಳತೆ ಮಾತ್ರ ಎರಡು.

ಸಂತೆಯಲ್ಲಿ ಕಾಳು ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಹಿಡಿಯುವ ವ್ಯಾಪಾರಿಯನ್ನು ನಾವು ನಂಬುತ್ತೇವೆಯೆ? ಇಲ್ಲ. ಕಾರ್ಯಪ್ಪನವರು ಚಿಕ್ಕ ವಯಸ್ಸಿನಲ್ಲಿಯೇ ಇಂಥ ಎರಡು ಅಳತೆಯ ನೋವನ್ನು ಕಂಡರು. ಎದೆಗುಂದಲಿಲ್ಲ. ತಮ್ಮ ಕೆಲಸದಲ್ಲಿ ಯಾರೂ ಬೆರಳು ತೋರಿಸಲಾಗದಂತೆ ದುಡಿಯಬೇಕು ಎಂದು ನಿಶ್ಚಯಿಸಿದರು.

ಮೊದಲಿಗರಲ್ಲಿ ಮೊದಲಿಗರು

ಮೊದಲ ವರ್ಷಗಳಲ್ಲಿ ಅವರು ಇರಾಕಿನಲ್ಲಿ ಕೆಲಸ ಮಾಡಿದರು. 1923ರಲ್ಲಿ ರಜಪೂತ ದಳ ಸೇರಿದರು. ಕ್ವೆಟ್ಟಾ ಎಂಬ ಊರಿನಲ್ಲಿ ಸೇನೆಯ ಉನ್ನತ ಶಿಕ್ಷಣದ ಸ್ಟಾಫ್ ಕಾಲೇಜು ಇತ್ತು. ಈ ಊರು ಈಗ ಪಾಕಿಸ್ತಾನದಲ್ಲಿದೆ. 1933ರಲ್ಲಿ ಆ ಕಾಲೇಜಿಗೆ ಸೇರಿದ ಮೊದಲ ಭಾರತೀಯ ಅಧಿಕಾರಿ ಕಾರ್ಯಪ್ಪ.

ಅವರ ಬಾಳಿಗೂ ನಮ್ಮ ತೆಲಂಗಾಣಕ್ಕೂ ಒಂದು ನಂಟಿದೆ. ತಾಂಡೂರಿನಲ್ಲಿ ರೈಲು ಹತ್ತಿ ವಿಕಾರಾಬಾದ್ ದಾಟಿ ಹೋದರೆ ಸಿಕಂದರಾಬಾದ್ ಸಿಗುತ್ತದೆ. ಅಲ್ಲಿ ದೊಡ್ಡ ದಂಡುಪ್ರದೇಶವಿದೆ. ದಂಡುಪ್ರದೇಶವೆಂದರೆ ಸೈನಿಕರು ವಾಸಿಸುವ ಊರು. 1937ರ ಮಾರ್ಚ್ ತಿಂಗಳಲ್ಲಿ ಕಾರ್ಯಪ್ಪನವರ ಮದುವೆ ನಡೆದದ್ದು ಸಿಕಂದರಾಬಾದಿನಲ್ಲಿ. ಅವರಿಗೆ ಒಬ್ಬ ಮಗ, ಒಬ್ಬ ಮಗಳು. ಮಗನ ಹೆಸರು ನಂದಾ. ಈ ಹೆಸರನ್ನು ನೆನಪಿಡಿರಿ. ಮುಂದೆ ಮತ್ತೆ ಬರುತ್ತದೆ.

ಕಾರ್ಯಪ್ಪ ಎಂಬ ಹೆಸರು ಇಂಗ್ಲಿಷರ ನಾಲಿಗೆಗೆ ಹೊರಳುತ್ತಿರಲಿಲ್ಲ. ಹೀಗಾಗಿ ಒಬ್ಬ ಇಂಗ್ಲಿಷ್ ಅಧಿಕಾರಿಯ ಹೆಂಡತಿ ಅವರನ್ನು ಕಿಪ್ಪರ್ ಎಂದು ಕರೆದಳು. ಆ ಅಡ್ಡಹೆಸರು ಸೇನೆಯಲ್ಲಿ ಉಳಿದುಬಿಟ್ಟಿತು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಕಾರ್ಯಪ್ಪನವರು ಇರಾಕ್, ಸಿರಿಯಾ, ಇರಾನ್ ದೇಶಗಳಲ್ಲಿ, ಆಮೇಲೆ ಬರ್ಮಾದಲ್ಲಿ ಕೆಲಸ ಮಾಡಿದರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ಅವರಿಗೆ ಬಂತು. ನೂರಾರು ಸೈನಿಕರ ದಳವನ್ನು ಬೆಟಾಲಿಯನ್ ಎನ್ನುತ್ತಾರೆ. ಅಂಥ ದಳಕ್ಕೆ ನಾಯಕರಾದ ಮೊದಲ ಭಾರತೀಯ ಅಧಿಕಾರಿಯೂ ಅವರೇ. ಭಾರತೀಯನಿಗೆ ಆಜ್ಞೆ ಮಾಡಲು ಬಾರದು ಎಂದವರ ಬಾಯಿ ಮುಚ್ಚಿತು.

ಯುದ್ಧ ಮುಗಿದ ಮೇಲೆ ಅವರು ವಾಯುವ್ಯ ಗಡಿಯಲ್ಲಿ ಒಂದು ದೊಡ್ಡ ಸೇನಾ ತುಕಡಿಯ ಮುಖ್ಯಸ್ಥರಾದರು. ಅವರ ಕೈಕೆಳಗೆ ಅಯೂಬ್ ಖಾನ್ ಎಂಬ ಅಧಿಕಾರಿ ಇದ್ದರು. ಈ ಹೆಸರನ್ನೂ ನೆನಪಿಡಿರಿ.

ಸೇನೆ ಇಬ್ಭಾಗವಾಯಿತು

1947ರ ಆಗಸ್ಟ್ 15ರಂದು ನಮಗೆ ಸ್ವಾತಂತ್ರ್ಯ ಬಂತು. ಅದರ ಜೊತೆಗೇ ದೇಶ ಇಬ್ಭಾಗವಾಗಿ ಭಾರತ, ಪಾಕಿಸ್ತಾನ ಎಂಬ ಎರಡು ರಾಷ್ಟ್ರಗಳಾದವು. ಸೇನೆಯನ್ನೂ ಹಂಚಿಕೊಳ್ಳಬೇಕಾಯಿತು. ಬಂದೂಕು, ಲಾರಿ, ಡೇರೆ, ಬಟ್ಟೆ ಎಲ್ಲವನ್ನೂ ಲೆಕ್ಕ ಮಾಡಿ ಪಾಲು ಮಾಡಿದರು. ಎಲ್ಲಕ್ಕಿಂತ ಕಷ್ಟದ ಸಂಗತಿ ಮನುಷ್ಯರ ಪಾಲು. ವರ್ಷಗಟ್ಟಲೆ ಒಂದೇ ಡೇರೆಯಲ್ಲಿ ಮಲಗಿದವರು, ಒಂದೇ ಒಲೆಯ ರೊಟ್ಟಿ ಉಂಡವರು ಬೇರೆಯಾದರು. ಸೇನೆಯ ಹಂಚಿಕೆಯ ಕೆಲಸದಲ್ಲಿ ಕಾರ್ಯಪ್ಪನವರ ಪಾತ್ರ ದೊಡ್ಡದು.

ಆ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ದೆಹಲಿಯಲ್ಲಿ ಒಂದು ಬೀಳ್ಕೊಡುಗೆ ಸಮಾರಂಭ ನಡೆಯಿತು. ಪಾಕಿಸ್ತಾನಕ್ಕೆ ಹೊರಟ ಗೆಳೆಯರಿಗೆ ಕಾರ್ಯಪ್ಪನವರು ಬೆಳ್ಳಿಯ ಒಂದು ಕಾಣಿಕೆ ಕೊಟ್ಟರು. ಅದರಲ್ಲಿ ಒಬ್ಬ ಹಿಂದೂ ಸಿಪಾಯಿ, ಒಬ್ಬ ಮುಸ್ಲಿಂ ಸಿಪಾಯಿ ಅಕ್ಕಪಕ್ಕ ನಿಂತಿದ್ದರು. ಸ್ನೇಹ ಉಳಿಯಲಿ ಎಂಬುದು ಎಲ್ಲರ ಆಸೆ. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಕಾಶ್ಮೀರದಲ್ಲಿ ಯುದ್ಧ ಆರಂಭವಾಯಿತು.

ಕಾಶ್ಮೀರದ ಯುದ್ಧ

1947ರ ಅಕ್ಟೋಬರ್ 22ರಂದು ಪಾಕಿಸ್ತಾನದ ಕಡೆಯಿಂದ ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದರು. ಅಕ್ಟೋಬರ್ 27ರಂದು ನಮ್ಮ ಸೈನಿಕರು ವಿಮಾನದಲ್ಲಿ ಶ್ರೀನಗರಕ್ಕೆ ಹೋಗಿ ಇಳಿದರು. 1948ರ ಜನವರಿಯಲ್ಲಿ ಈ ಯುದ್ಧದ ಹೊಣೆ ಹೊತ್ತ ಪಶ್ಚಿಮ ವಿಭಾಗದ ಮುಖ್ಯಸ್ಥರನ್ನಾಗಿ ಕಾರ್ಯಪ್ಪನವರನ್ನು ನೇಮಿಸಿದರು.

ಆ ದಿನಗಳಲ್ಲಿಯೇ ಅವರು ಮಹಾತ್ಮ ಗಾಂಧೀಜಿಯವರನ್ನು ಕಾಣಲು ಹೋದರು. ಅಹಿಂಸೆಯ ಬಗ್ಗೆ ಕಾರ್ಯಪ್ಪನವರು ಆಡಿದ ಒಂದು ಮಾತನ್ನು ಗಾಂಧೀಜಿ ತಮ್ಮ ಹರಿಜನ ಪತ್ರಿಕೆಯಲ್ಲಿ ಟೀಕಿಸಿದ್ದರು. ಬೇರೊಬ್ಬರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಕಾರ್ಯಪ್ಪನವರು ಹಾಗೆ ಮಾಡಲಿಲ್ಲ. ತಾವೇ ಹೋಗಿ ಗಾಂಧೀಜಿಯವರ ಎದುರು ಕುಳಿತರು. ಯುದ್ಧ ಮಾಡಬೇಕಾದ ಸೈನಿಕರಿಗೆ ಅಹಿಂಸೆಯನ್ನು ಹೇಗೆ ತಿಳಿಸಿ ಹೇಳಬೇಕು ಎಂದು ವಿದ್ಯಾರ್ಥಿಯಂತೆ ಕೇಳಿದರು. ಗಾಂಧೀಜಿ ಸಿದ್ಧ ಉತ್ತರ ಕೊಡಲಿಲ್ಲ. ತಾವೂ ಇನ್ನೂ ಅದಕ್ಕೆ ಉತ್ತರ ಹುಡುಕುತ್ತಿರುವುದಾಗಿ ತಿಳಿಸಿದರು. ಇಬ್ಬರು ದೊಡ್ಡವರು ತಮಗೆ ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಂಡರು. ಅದೇ ತಿಂಗಳ 30ರಂದು ಗಾಂಧೀಜಿಯವರ ಹತ್ಯೆಯಾಯಿತು.

ಕಾಶ್ಮೀರದ ಯುದ್ಧ ಸುಲಭವಾಗಿರಲಿಲ್ಲ. ಎತ್ತರದ ಬೆಟ್ಟಗಳು, ಕೊರೆಯುವ ಹಿಮ, ಸರಿಯಾದ ದಾರಿಗಳಿಲ್ಲ. ನೌಶೇರಾ ಎಂಬ ಊರನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಧೈರ್ಯದಿಂದ ಕಾಪಾಡಿದರು. ಮಾರ್ಚ್ ತಿಂಗಳಲ್ಲಿ ಝಂಗಡ್ ಎಂಬ ಊರನ್ನೂ ಮರಳಿ ಗೆದ್ದರು. ಆ ವೀರರು ಜುಲೈ 3ರಂದು ಅಲ್ಲಿಯೇ ಶತ್ರುವಿನ ಗುಂಡಿಗೆ ಬಲಿಯಾದರು.

ಲಡಾಖ್ ಪ್ರದೇಶದ ಲೇಹ್ ಪಟ್ಟಣಕ್ಕೆ ಹೋಗುವ ದಾರಿಯೂ ಶತ್ರುಗಳ ವಶವಾಗಿತ್ತು. ಆ ದಾರಿಯಲ್ಲಿ ಜೋಜಿಲಾ ಎಂಬ ಕಣಿವೆ ಇದೆ. ಅದು ಸಮುದ್ರಮಟ್ಟದಿಂದ 11,000 ಅಡಿಗೂ ಹೆಚ್ಚು ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸುವುದು ಆಗದ ಮಾತು ಎಂದು ಶತ್ರುಗಳು ತಿಳಿದಿದ್ದರು. ಆದರೆ 1948ರ ನವೆಂಬರ್ 1ರಂದು ನಮ್ಮ ಟ್ಯಾಂಕುಗಳು ಜೋಜಿಲಾವನ್ನು ಏರಿಯೇಬಿಟ್ಟವು. ಅಲ್ಲಿಯ ದಳಗಳ ನಾಯಕರು ಜನರಲ್ ತಿಮ್ಮಯ್ಯ. ಅವರೂ ಕೊಡಗಿನವರೇ. ಆಮೇಲೆ ದ್ರಾಸ್, ಕಾರ್ಗಿಲ್ ಮರಳಿ ಕೈಸೇರಿದವು. ಲೇಹ್ ದಾರಿ ತೆರೆಯಿತು. 1949ರ ಜನವರಿ 1ರಿಂದ ಯುದ್ಧ ನಿಂತಿತು.

ದೇಶದ ಸೇನಾಪತಿ

ಎರಡು ವಾರದ ಮೇಲೆ, ಜನವರಿ 15ರಂದು, ಇಂಗ್ಲಿಷ್ ಜನರಲ್ ಫ್ರಾನ್ಸಿಸ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡರು. ಆಗ ಅವರಿಗೆ ಐವತ್ತು ತುಂಬುತ್ತಿತ್ತು. ಅವರು ಅಧಿಕಾರಿಯಾಗಿ ಮೂವತ್ತು ವರ್ಷವೂ ಆಗಿರಲಿಲ್ಲ.

ಹಳೆಯ ಸೇನೆಯಲ್ಲಿ ಅನೇಕ ದಳಗಳನ್ನು ಜಾತಿ, ಪ್ರದೇಶಗಳ ಲೆಕ್ಕದಲ್ಲಿ ಕಟ್ಟಿದ್ದರು. ಕಾರ್ಯಪ್ಪನವರು 1949ರಲ್ಲಿ ಗಾರ್ಡ್ಸ್ ದಳವನ್ನು ಕಟ್ಟಿದರು. ಅದರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮ, ಎಲ್ಲ ರಾಜ್ಯಗಳ ಯುವಕರು ಒಟ್ಟಿಗೆ ಸೇರಬಹುದಾಗಿತ್ತು. ಅದೇ ವರ್ಷ ಪ್ರಾದೇಶಿಕ ಸೇನೆಯೂ ಆರಂಭವಾಯಿತು. ಬೇರೆ ಉದ್ಯೋಗದಲ್ಲಿರುವವರೂ ವರ್ಷದಲ್ಲಿ ಕೆಲವು ದಿನ ತರಬೇತಿ ಪಡೆದು ಅಗತ್ಯ ಬಿದ್ದಾಗ ದೇಶಕ್ಕೆ ದುಡಿಯಲು ಅದರಿಂದ ಅವಕಾಶವಾಯಿತು.

ಕಾರ್ಯಪ್ಪನವರು ಶಿಸ್ತಿನ ಮನುಷ್ಯ. ಉಡುಪು, ಸಮಯ, ಮಾತು ಎಲ್ಲದರಲ್ಲೂ ಅಚ್ಚುಕಟ್ಟು. ಆದರೆ ಹಿಂದಿ ಮಾತ್ರ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಸೈನಿಕರು ನಗುತ್ತ ಹೇಳುವ ಒಂದು ಕಥೆಯಿದೆ. ದೇಶ ಸ್ವತಂತ್ರವಾಯಿತು ಎಂದು ಸೈನಿಕರಿಗೆ ಹೇಳಲು ಹೋಗಿ ಅವರು ದೇಶ ಮುಫ್ತ್ ಆಯಿತು ಎಂದುಬಿಟ್ಟರಂತೆ. ಮುಫ್ತ್ ಎಂದರೆ ಪುಕ್ಕಟೆ ಎಂದು ತಾಂಡೂರು ಸಂತೆಗೆ ಹೋಗುವ ನಿಮಗೆ ಹೇಳಬೇಕಾಗಿಲ್ಲ! ಭಾಷೆ ತಪ್ಪುತ್ತದೆ ಎಂದು ಅವರು ಸೈನಿಕರೊಡನೆ ಮಾತನಾಡುವುದನ್ನು ಬಿಡಲಿಲ್ಲ. ಸೈನಿಕರು ಅವರ ಭಾಷೆಗೆ ನಕ್ಕರು, ಅವರ ಪ್ರೀತಿಗೆ ಸೋತರು.

ಸೇನೆಯು ರಾಜಕೀಯದಿಂದ ದೂರವಿರಬೇಕು, ಜನರು ಆರಿಸಿದ ಸರ್ಕಾರದ ಮಾತನ್ನು ಕೇಳಬೇಕು ಎಂಬುದು ಅವರು ಪಾಲಿಸಿದ ದೊಡ್ಡ ನಿಯಮ. ಹೊಸದಾಗಿ ಸ್ವತಂತ್ರವಾದ ಅನೇಕ ದೇಶಗಳಲ್ಲಿ ಸೇನಾಪತಿಗಳೇ ಸರ್ಕಾರವನ್ನು ಕಿತ್ತುಹಾಕಿ ಗದ್ದುಗೆ ಏರಿದರು. ಪಾಕಿಸ್ತಾನದಲ್ಲಿಯೂ 1958ರಲ್ಲಿ ಹೀಗೆ ಆಯಿತು. ಅಲ್ಲಿ ಗದ್ದುಗೆ ಏರಿದವರು ಅದೇ ಅಯೂಬ್ ಖಾನ್. ಭಾರತದಲ್ಲಿ ಹಾಗೆ ಆಗಲಿಲ್ಲ. ನಾಲ್ಕು ವರ್ಷದ ಅವಧಿ ಮುಗಿದಾಗ, 1953ರ ಜನವರಿಯಲ್ಲಿ, ಕಾರ್ಯಪ್ಪನವರು ಜನರಲ್ ರಾಜೇಂದ್ರಸಿಂಹಜಿಯವರಿಗೆ ಅಧಿಕಾರ ಒಪ್ಪಿಸಿದರು. ಸೆಲ್ಯೂಟ್ ಹೊಡೆದು ಹೊರಬಂದರು. ಅಷ್ಟೇ.

ರಾಯಭಾರಿಯಾಗಿ

ಸಮವಸ್ತ್ರ ತೆಗೆದಿಟ್ಟರೂ ದೇಶಸೇವೆ ಮುಗಿಯಲಿಲ್ಲ. ಅದೇ ವರ್ಷ ಭಾರತ ಸರ್ಕಾರವು ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಿಗೆ ಹೈಕಮಿಷನರ್ ಆಗಿ ಕಳುಹಿಸಿತು.

ಒಂದು ದೇಶದ ಪರವಾಗಿ ಇನ್ನೊಂದು ದೇಶದಲ್ಲಿದ್ದು ಮಾತನಾಡುವವರು ರಾಯಭಾರಿ. ಹಿಂದೆ ಇಂಗ್ಲಿಷರ ಆಳ್ವಿಕೆಯಲ್ಲಿದ್ದ ಅನೇಕ ದೇಶಗಳು ಸೇರಿ ಕಾಮನ್‌ವೆಲ್ತ್ ಎಂಬ ಕೂಟ ಮಾಡಿಕೊಂಡಿವೆ. ಆ ಕೂಟದ ದೇಶಗಳು ತಮ್ಮ ತಮ್ಮಲ್ಲಿ ಕಳುಹಿಸುವ ರಾಯಭಾರಿಗಳನ್ನು ಹೈಕಮಿಷನರ್ ಎನ್ನುತ್ತಾರೆ. ಕಾರ್ಯಪ್ಪನವರಿಗಿಂತ ಮೊದಲು ಆಸ್ಟ್ರೇಲಿಯಾದಲ್ಲಿ ಈ ಕೆಲಸ ಮಾಡಿದವರು ದುಲೀಪ್‌ಸಿಂಹಜಿ. ಅವರು ಹೆಸರಾಂತ ಕ್ರಿಕೆಟ್ ಆಟಗಾರರು. ದುಲೀಪ್ ಟ್ರೋಫಿ ಪಂದ್ಯಗಳಿಗೆ ಅವರದೇ ಹೆಸರು. ಆಟಗಾರರ ನಂತರ ಸೇನಾನಿ ಬಂದರು.

ಯುದ್ಧದಲ್ಲಿ ಸೇನಾನಿಯ ಕೈಯಲ್ಲಿ ಟ್ಯಾಂಕು, ಬಂದೂಕು ಇರುತ್ತವೆ. ರಾಯಭಾರಿಯ ಕೈಯಲ್ಲಿ ಏನಿರುತ್ತದೆ? ಮಾತು, ತಾಳ್ಮೆ, ಒಳ್ಳೆಯ ನಡತೆ. ಆಜ್ಞೆ ಮಾಡಿ ಅಭ್ಯಾಸವಾದವರಿಗೆ ಇದು ಹೊಸ ಪಾಠ. ಎರಡು ಮಹಾಯುದ್ಧಗಳಲ್ಲಿಯೂ ಭಾರತದ ಸೈನಿಕರು ಮತ್ತು ಆಸ್ಟ್ರೇಲಿಯಾದ ಸೈನಿಕರು ಒಂದೇ ಪಕ್ಷದಲ್ಲಿ ಹೋರಾಡಿದ್ದರು. ಹೀಗಾಗಿ ಭಾರತದ ಜನರಲ್ ಒಬ್ಬರು ಅಲ್ಲಿಯ ಜನರಿಗೆ ತೀರ ಅಪರಿಚಿತರೆನಿಸಲಿಲ್ಲ. ರಾಜಧಾನಿ ಕ್ಯಾನ್‌ಬೆರಾದಲ್ಲಿದ್ದು ಅವರು ಕೆಲಸ ಮಾಡಿದರು.

ಆದರೆ ಅಲ್ಲಿ ಅವರಿಗೆ ಹಳೆಯ ನೋವು ಮತ್ತೆ ಎದುರಾಯಿತು. ಆಸ್ಟ್ರೇಲಿಯಾದಲ್ಲಿ ಬಿಳಿಯರಲ್ಲದವರು ಬಂದು ನೆಲೆಸದಂತೆ ತಡೆಯುವ ನೀತಿ ಇತ್ತು. 1901ರಲ್ಲಿ ಮಾಡಿದ ಕಾನೂನಿನಲ್ಲಿ ಒಂದು ವಿಚಿತ್ರ ಉಪಾಯವಿತ್ತು.

ಮಕ್ಕಳೇ, ನಿಮ್ಮ ಗುರುಗಳು ಉಕ್ತಲೇಖನ ಕೊಡುತ್ತಾರಲ್ಲವೆ? ನೀವು ಕಲಿತ ಭಾಷೆಯಲ್ಲಿಯೇ ಕೊಡುತ್ತಾರೆ. ಆಸ್ಟ್ರೇಲಿಯಾದ ಬಂದರಿನಲ್ಲಿಯೂ ಉಕ್ತಲೇಖನ ಕೊಡುತ್ತಿದ್ದರು. ಐವತ್ತು ಪದಗಳು. ಆದರೆ ಯುರೋಪಿನ ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದನ್ನು ಅಧಿಕಾರಿಯೇ ಆರಿಸುತ್ತಿದ್ದ. ಬಂದವನಿಗೆ ಇಂಗ್ಲಿಷ್ ಬರುತ್ತದೆ ಎಂದರೆ ಅವನಿಗೆ ಬಾರದ ಬೇರೊಂದು ಭಾಷೆಯನ್ನು ಆರಿಸಬಹುದಾಗಿತ್ತು. ಬರೆಯಲಾಗದವನು ಹಿಂದಿರುಗಬೇಕು. ಇದು ಕಲಿಕೆಯ ಪರೀಕ್ಷೆಯಲ್ಲ. ಬೇಡದವರನ್ನು ಹೊರಗಿಡುವ ನೆಪ. ಕನ್ನಡದಲ್ಲಿ ಓದಿದ ನಿಮಗೆ ಯಾರೋ ಗೊತ್ತಿಲ್ಲದ ಭಾಷೆಯ ಹಾಳೆ ಕೊಟ್ಟು ನೀವು ದಡ್ಡರು ಎಂದರೆ ಹೇಗೆ ಅನಿಸುತ್ತದೆ, ಯೋಚಿಸಿರಿ.

ಅತಿಥಿಯಾಗಿ ಹೋದವರು ಮನೆಯವರ ತಪ್ಪನ್ನು ಹೇಳಬೇಕೆ, ಸುಮ್ಮನಿರಬೇಕೆ? ಇದು ರಾಯಭಾರಿಗೆ ಕಠಿಣ ಪ್ರಶ್ನೆ. ಕಾರ್ಯಪ್ಪನವರು ಸುಮ್ಮನಿರಲಿಲ್ಲ. ಮೈಬಣ್ಣ ನೋಡಿ ಜನರನ್ನು ದೂರವಿಡುವ ನೀತಿಯಿಂದ ಏಷ್ಯಾದ ಜನರ ಮನಸ್ಸು ನೋಯುತ್ತದೆ, ದೇಶಗಳ ಸ್ನೇಹ ಕೆಡುತ್ತದೆ ಎಂದು 1954ರಲ್ಲಿ ಬಹಿರಂಗವಾಗಿ ಹೇಳಿದರು. ಇದರಿಂದ ಅಲ್ಲಿ ವಾದವಿವಾದ ಎದ್ದಿತು. ಹೊರದೇಶದವರಿಗೆ ನಮ್ಮ ಕಾನೂನಿನ ಚಿಂತೆ ಏಕೆ ಎಂದವರೂ ಇದ್ದರು. ಯೋಚನೆಗೆ ತೊಡಗಿದವರೂ ಇದ್ದರು.

ಕಾರ್ಯಪ್ಪನವರ ಒಂದು ಮಾತಿನಿಂದ ಕಾನೂನು ಬದಲಾಗಲಿಲ್ಲ. ಅಲ್ಲಿಯ ಜನರೇ ಅನೇಕರು ಅದರ ವಿರುದ್ಧ ದನಿ ಎತ್ತಿದರು. ಏಷ್ಯಾದಿಂದ ಓದಲು ಹೋದ ವಿದ್ಯಾರ್ಥಿಗಳನ್ನು ಕಂಡು ಹಲವರ ಮನಸ್ಸು ಬದಲಾಯಿತು. 1958ರಲ್ಲಿ ಉಕ್ತಲೇಖನದ ಪರೀಕ್ಷೆ ರದ್ದಾಯಿತು. 1973ರಲ್ಲಿ ಆ ನೀತಿ ಪೂರ್ತಿ ಕೊನೆಗೊಂಡಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಸ್ನೇಹ ಕೆಡದಂತೆ, ಸತ್ಯವನ್ನು ಮುಚ್ಚದಂತೆ ಮಾತನಾಡಿದವರಲ್ಲಿ ನಮ್ಮ ಕಾರ್ಯಪ್ಪನವರೂ ಒಬ್ಬರು. 1956ರಲ್ಲಿ ಅವರು ಭಾರತಕ್ಕೆ ಹಿಂದಿರುಗಿದರು.

ಮಗನಿಗೂ ಒಂದೇ ನಿಯಮ

ಕಾರ್ಯಪ್ಪನವರು ಮಡಿಕೇರಿಯಲ್ಲಿ ನೆಲೆಸಿದರು. ಅವರ ಮನೆಯ ಹೆಸರು ರೋಶನಾರಾ. ನಿವೃತ್ತ ಸೈನಿಕರ ಕಷ್ಟಗಳನ್ನು ಕೇಳುವುದು, ಅವರಿಗಾಗಿ ಸರ್ಕಾರಕ್ಕೆ ಪತ್ರ ಬರೆಯುವುದು ಅವರ ನಿತ್ಯದ ಕೆಲಸವಾಯಿತು. ನಿವೃತ್ತ ಸೈನಿಕರ ಸಂಘವನ್ನೂ ಕಟ್ಟಿದರು.

1965ರಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಮತ್ತೆ ಯುದ್ಧವಾಯಿತು. ಕಾರ್ಯಪ್ಪನವರ ಮಗ ನಂದಾ ಆಗ ವಾಯುಪಡೆಯಲ್ಲಿ ಪೈಲಟ್. ಸೆಪ್ಟೆಂಬರ್ 22ರಂದು ಅವರ ವಿಮಾನಕ್ಕೆ ಗುಂಡು ತಗುಲಿತು. ವಿಮಾನದಿಂದ ಹೊರಕ್ಕೆ ಜಿಗಿದ ಅವರು ಬೆನ್ನಿಗೆ ಪೆಟ್ಟಾಗಿ ಶತ್ರುಗಳಿಗೆ ಸೆರೆ ಸಿಕ್ಕರು. ಮರುದಿನವೇ ಯುದ್ಧ ನಿಂತಿತು.

ಆಗ ಪಾಕಿಸ್ತಾನದ ಅಧ್ಯಕ್ಷರು ಯಾರು ಗೊತ್ತೆ? ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್. ಸೆರೆ ಸಿಕ್ಕವನು ತಮ್ಮ ಹಳೆಯ ಮೇಲಧಿಕಾರಿಯ ಮಗ ಎಂದು ಅವರಿಗೆ ತಿಳಿಯಿತು. ಹಳೆಯ ಗೌರವ ಮನಸ್ಸಿನಲ್ಲಿತ್ತು. ನಂದಾ ಅವರನ್ನು ಬಿಡುಗಡೆ ಮಾಡಲು ಸಿದ್ಧವೆಂದು ಕಾರ್ಯಪ್ಪನವರಿಗೆ ಸಂದೇಶ ಕಳುಹಿಸಿದರು.

ತಂದೆಯ ಮನಸ್ಸು ಹೇಗಿದ್ದಿರಬೇಕು! ಹೂಂ ಎಂದರೆ ಸಾಕು, ಗಾಯಗೊಂಡ ಮಗ ಮನೆಗೆ ಬರುತ್ತಾನೆ. ಕಾರ್ಯಪ್ಪನವರು ಹೂಂ ಎನ್ನಲಿಲ್ಲ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಒಬ್ಬನಿಗೆ ಮಾತ್ರ ವಿಶೇಷ ಬೇಡ ಎಂದು ತಿಳಿಸಿದರು. ನಂದಾ ಎಲ್ಲ ಸೆರೆಯಾಳುಗಳಂತೆ ಪಾಕಿಸ್ತಾನದಲ್ಲಿಯೇ ಉಳಿದರು. 1966ರ ಜನವರಿಯಲ್ಲಿ ಸೆರೆಯಾಳುಗಳ ಬಿಡುಗಡೆಯಾದಾಗ ಭಾರತಕ್ಕೆ ಬಂದರು. ಮುಂದೆ ಅವರು ವಾಯುಪಡೆಯಲ್ಲಿ ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದರು.

ಎಲ್ಲರಿಗೂ ಒಂದೇ ಅಳತೆ ಇರಬೇಕು ಎಂದು ಹೇಳುವುದು ಸುಲಭ. ನಮಗೆ ಅನ್ಯಾಯವಾದಾಗ ನಾವೆಲ್ಲರೂ ಹಾಗೆ ಹೇಳುತ್ತೇವೆ. ನಮಗೇ ಲಾಭ ಸಿಗುವ ಹೊತ್ತಿನಲ್ಲಿಯೂ ಅದೇ ಮಾತಿಗೆ ನಿಲ್ಲುವುದು ಕಷ್ಟ. ಕಾರ್ಯಪ್ಪನವರು ನಿಂತರು.

ಕೊನೆಯ ದಿನಗಳು

1986ರಲ್ಲಿ ಸರ್ಕಾರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ನೀಡಿತು. ಇದು ಭೂಸೇನೆಯ ಅತಿ ದೊಡ್ಡ ಗೌರವ. ಅವರಿಗಿಂತ ಮೊದಲು 1973ರಲ್ಲಿ ಸ್ಯಾಮ್ ಮಾಣೆಕ್‌ಷಾ ಅವರಿಗೆ ಮಾತ್ರ ಈ ಪದವಿ ಸಿಕ್ಕಿತ್ತು. ಪದವಿ ಸ್ವೀಕರಿಸುವಾಗ ಕಾರ್ಯಪ್ಪನವರಿಗೆ 87 ವರ್ಷ.

1993ರ ಮೇ 15ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 94 ವರ್ಷ. ಮಡಿಕೇರಿಯಲ್ಲಿ ಸೇನಾ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಮಡಿಕೇರಿಯ ಒಂದು ಕಾಲೇಜಿಗೆ ಅವರ ಹೆಸರಿದೆ. ದೆಹಲಿಯಲ್ಲಿ ಸೇನಾ ದಿನದ ಕವಾಯತು ನಡೆಯುತ್ತಿದ್ದ ಮೈದಾನಕ್ಕೂ ಅವರ ಹೆಸರನ್ನೇ ಇಟ್ಟಿದ್ದಾರೆ. 2023ರಲ್ಲಿ ಈ ಕವಾಯತು ಮೊದಲ ಬಾರಿಗೆ ದೆಹಲಿಯ ಹೊರಗೆ ನಡೆಯಿತು. ಅದು ನಡೆದದ್ದು ಬೆಂಗಳೂರಿನಲ್ಲಿ.

ಮಕ್ಕಳೇ, ಎಲ್ಲರೂ ಸೇನಾಪತಿಗಳಾಗಲಾರರು, ರಾಯಭಾರಿಗಳಾಗಲಾರರು. ಆದರೆ ಆಟದಲ್ಲಿ ಗೆಳೆಯನ ತಪ್ಪನ್ನೂ ತಪ್ಪು ಎನ್ನಬಹುದು. ಸಾಲಿನಲ್ಲಿ ನಿಂತಾಗ ತಮ್ಮವರನ್ನು ಮುಂದೆ ತೂರಿಸದೆ ಇರಬಹುದು. ಮನೆಮಾತು ಬೇರೆಯಾದ ಸಹಪಾಠಿಯನ್ನು ನಗದೆ ಜೊತೆಗೆ ಸೇರಿಸಿಕೊಳ್ಳಬಹುದು. ಮುಂದಿನ ಸಂಕ್ರಮಣದ ದಿನಗಳಲ್ಲಿ, ಜನವರಿ 15 ಬಂದಾಗ, ಕೊಡಗಿನ ಚಿಮ್ಮನನ್ನು ನೆನೆಯಿರಿ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಾರ್ಯಪ್ಪನವರು ಯಾವ ಊರಿನಲ್ಲಿ ಹುಟ್ಟಿದರು?
2. ಜನವರಿ 15ನ್ನು ಸೇನಾ ದಿನವೆಂದು ಏಕೆ ಆಚರಿಸುತ್ತಾರೆ?
3. ಕಾರ್ಯಪ್ಪನವರು ಯಾವ ದೇಶಗಳಿಗೆ ಹೈಕಮಿಷನರ್ ಆಗಿದ್ದರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಇಂಗ್ಲಿಷರ ಕಾಲದ ಸೇನೆಯಲ್ಲಿ ಎರಡು ಅಳತೆ ಇತ್ತು ಎಂದು ಏಕೆ ಹೇಳಿದೆ?
2. ಆಸ್ಟ್ರೇಲಿಯಾದ ಉಕ್ತಲೇಖನ ನಿಮ್ಮ ಶಾಲೆಯ ಉಕ್ತಲೇಖನಕ್ಕಿಂತ ಹೇಗೆ ಬೇರೆ?
3. ಅಯೂಬ್ ಖಾನ್ ಅವರ ಸಂದೇಶಕ್ಕೆ ಕಾರ್ಯಪ್ಪನವರು ಹೂಂ ಎಂದಿದ್ದರೆ ಬೇರೆ ಸೆರೆಯಾಳುಗಳ ಮನೆಯವರಿಗೆ ಏನೆನಿಸುತ್ತಿತ್ತು?

ಇ. ಮಾಡಿ ನೋಡಿರಿ.
ನಿಮ್ಮ ಊರಿನಲ್ಲಿ ಅಥವಾ ಪಕ್ಕದ ಊರಿನಲ್ಲಿ ಸೇನೆಯಲ್ಲಿ ದುಡಿದವರು ಇದ್ದಾರೆಯೆ? ಹಿರಿಯರೊಂದಿಗೆ ಹೋಗಿ ಅವರನ್ನು ಮಾತನಾಡಿಸಿರಿ. ಅವರು ಹೇಳಿದ್ದನ್ನು ಹತ್ತು ವಾಕ್ಯಗಳಲ್ಲಿ ಬರೆದು ತರಗತಿಯಲ್ಲಿ ಓದಿರಿ.